ಮಳೆಗಾಲದ ಬ್ರಾಯ್ಲರ್ ಶೆಡ್ಡಿನಲ್ಲಿ ಅರಿಶಿನ: ನನ್ನ ಅನುಭವ

ಬ್ರಾಯ್ಲರ್ ಕೋಳಿಗೆ ಅರಿಶಿನ ಹಾಕಿದರೆ ತೂಕ ಹೆಚ್ಚು ಬರುತ್ತದೆಯೇ ಎಂದು ನಮ್ಮ ಸುತ್ತಿನ ಸಾಕಣೆದಾರರು ನನ್ನನ್ನು ಆಗಾಗ ಕೇಳುತ್ತಾರೆ. ತೂಕಕ್ಕಾಗಿಯೇ ಆದರೆ ಹಾಕಬೇಡಿ ಎನ್ನುತ್ತೇನೆ. ಮಳೆಗಾಲದಲ್ಲಿ ಕೋಳಿಯ ಹೊಟ್ಟೆ ಕೆಡಬಾರದು, ತಿಂದದ್ದು ಮೈಗೆ ಹತ್ತದೆ ಹೋಗಬಾರದು ಎಂಬ ಚಿಂತೆ ಇದ್ದರೆ ಹಾಕಿ ನೋಡಿ. ಅದೂ ಶೆಡ್ಡಿನ ಹಾಸು, ಅಂದರೆ ನೆಲಕ್ಕೆ ಹರಡಿದ ಭತ್ತದ ಹೊಟ್ಟು, ಒಣಗಿದ್ದರೆ ಮಾತ್ರ. ಇಷ್ಟು ಹೇಳುವುದಕ್ಕೆ ನನಗೆ ಹಲವು ಮಳೆಗಾಲ ಬೇಕಾಯಿತು. ಹೇಗೆ ಈ ತೀರ್ಮಾನಕ್ಕೆ ಬಂದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಈ ವಿಷಯದಲ್ಲಿ ಬಾಯಿಮಾತು ಬಹಳ, ತಕ್ಕಡಿ ಹಿಡಿದು ನೋಡಿದವರು ಕಡಿಮೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಕಡೆ. ಅಡಿಕೆ ತೋಟದ ಮೇಲ್ಭಾಗದ ದಿಬ್ಬದಲ್ಲಿ ಶೆಡ್ಡು ಇದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಇದೇ ತಾಲ್ಲೂಕಿನಲ್ಲಿದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರಾದಿಂದ ಆಶ್ಲೇಷದವರೆಗೆ ಗೋಡೆಯೂ ಬೆವರುತ್ತದೆ. ಬಯಲುಸೀಮೆಯ ಸಾಕಣೆದಾರರಿಗೆ ಏಪ್ರಿಲ್–ಮೇ ತಿಂಗಳ ಬಿಸಿಲು ಶತ್ರುವಾದರೆ ನಮಗೆ ಜುಲೈ ತಿಂಗಳ ತೇವ ಶತ್ರು. ಕೋಳಿ ಸಾಕಣೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬಿಸಿಲನ್ನು ಕುರಿತವು. ಮಲೆನಾಡಿನವರು ಅವುಗಳನ್ನು ಓದಿ ನಮ್ಮ ಹವೆಗೆ ಹೊಂದಿಸಿಕೊಳ್ಳಬೇಕು.

ಒಂದು ಮಾತು ಮೊದಲೇ ಹೇಳಬೇಕು. ಕಂಪನಿಯ ಒಪ್ಪಂದದಲ್ಲಿ ಸಾಕುವವರಿಗೆ ಮರಿ, ಆಹಾರ, ಔಷಧಿ ಎಲ್ಲವೂ ಕಂಪನಿಯದೇ. ನಮ್ಮದು ಶೆಡ್ಡು ಮತ್ತು ದುಡಿಮೆ. ಆ ಆಹಾರಕ್ಕೆ ನಾವು ಏನನ್ನಾದರೂ ಬೆರೆಸುವುದು ಒಪ್ಪಂದಕ್ಕೆ ವಿರುದ್ಧವಾಗುತ್ತದೆ. ನಾನು ಸ್ವಂತ ಬಂಡವಾಳ ಹಾಕಿ ಸಣ್ಣ ಪ್ರಮಾಣದಲ್ಲಿ ಸಾಕುತ್ತೇನೆ, ಸುತ್ತಲಿನ ಅಂಗಡಿಗಳಿಗೆ ನಾನೇ ಕೊಡುತ್ತೇನೆ. ಆದ್ದರಿಂದ ಈ ಪ್ರಯೋಗ ನನಗೆ ಸಾಧ್ಯವಾಯಿತು. ಒಪ್ಪಂದದವರು ಮೇಲ್ವಿಚಾರಕರ ಒಪ್ಪಿಗೆ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಅರಿಶಿನದ ಕಡೆಗೆ ನಾನು ಹೊರಳಿದ್ದು ಔಷಧಿಯ ಬಾಟಲಿಗಳ ಮೇಲಿನ ಬೇಸರದಿಂದ. ಮಳೆ ಹಿಡಿದೊಡನೆ ಕೋಳಿಯ ಹಿಕ್ಕೆ ತೆಳುವಾಗುತ್ತದೆ. ಅಂಗಡಿಯಲ್ಲಿ ಕೇಳಿದರೆ ಒಂದು ಆಂಟಿಬಯಾಟಿಕ್ ಪೊಟ್ಟಣ, ಒಂದು ಲಿವರ್ ಟಾನಿಕ್ ಕೈಗಿಡುತ್ತಾರೆ. ರೋಗ ಯಾವುದೆಂದು ಕೇಳುವವರೇ ಇಲ್ಲ. ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಕೊನೆಯದಾಗಿ ಕೊಡುವ ಕೊಲಿಸ್ಟಿನ್ ಅನ್ನು ಕೋಳಿ ಮತ್ತು ಜಾನುವಾರುಗಳಿಗೆ ಬಳಸುವುದನ್ನು ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ನಾನು ಸಾಕಿದ ಕೋಳಿಯನ್ನು ನನ್ನ ಊರಿನ ಮಕ್ಕಳೇ ಕಡುಬಿನ ಜೊತೆ ತಿನ್ನುತ್ತಾರೆ. ಅವರ ತಟ್ಟೆಗೆ ಏನು ಹೋಗುತ್ತದೆ ಎಂಬ ಜವಾಬ್ದಾರಿ ನನ್ನದು. ಹಿತ್ತಿಲಲ್ಲೇ ಬೆಳೆಯುವ, ನಾವೇ ದಿನವೂ ತಿನ್ನುವ ಅರಿಶಿನದಿಂದ ಸ್ವಲ್ಪವಾದರೂ ಕೆಲಸವಾಗುವುದಾದರೆ ನೋಡೋಣ ಎನಿಸಿತು.

ಊರಿನ ಪಶುವೈದ್ಯರ ಬಳಿ ಹೋಗಿ ಕೇಳಿದೆ. ಅವರು ಅರಿಶಿನದ ಮಾತನ್ನೇ ಎತ್ತದೆ, "ಶೆಡ್ಡಿನ ಹೊಟ್ಟನ್ನು ಒಂದು ಹಿಡಿ ತಂದಿದ್ದೀರಾ?" ಎಂದರು. ತಂದಿರಲಿಲ್ಲ. "ಹಿಡಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಿ ಹಾಗೆಯೇ ನಿಂತರೆ ಮೊದಲು ಅದನ್ನು ಸರಿಮಾಡಿ. ಹಿಡಿ ಬಿಟ್ಟೊಡನೆ ಉದುರಿದರೆ ಬನ್ನಿ, ಅರಿಶಿನದ ವಿಷಯ ಮಾತನಾಡೋಣ" ಎಂದರು. ಇಂದಿಗೂ ನಾನು ದಿನದ ಕೆಲಸ ಶುರು ಮಾಡುವುದು ಈ ಪರೀಕ್ಷೆಯಿಂದಲೇ. ನೀರಿನ ಸಾಲಿನ ಕೆಳಗೆ, ಗೋಡೆಯ ಬುಡದಲ್ಲಿ, ನಡುವೆ, ಹೀಗೆ ಬೇರೆಬೇರೆ ಕಡೆಯಿಂದ ಹೊಟ್ಟು ತೆಗೆದು ಹಿಂಡುತ್ತೇನೆ. ಉಂಡೆ ಕಟ್ಟಿದ ಜಾಗವನ್ನು ಕೆರೆದು ತೆಗೆದು ಒಣ ಹೊಟ್ಟು ಹಾಕುತ್ತೇನೆ. ಭತ್ತದ ಹೊಟ್ಟನ್ನು ಬೇಸಿಗೆಯಲ್ಲೇ ಗಿರಣಿಯಿಂದ ತಂದು ಅಟ್ಟದಲ್ಲಿ ತುಂಬಿಟ್ಟುಕೊಳ್ಳುವುದು ಇದಕ್ಕಾಗಿಯೇ. ಜುಲೈನಲ್ಲಿ ಒಣ ಹೊಟ್ಟು ಹುಡುಕಿದರೆ ಸಿಗುವುದಿಲ್ಲ.

ಹಾಸಿನ ಬಗ್ಗೆ ಇಷ್ಟು ಹೇಳಲು ಕಾರಣ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಐಮೀರಿಯಾ ಎಂಬ ಏಕಕೋಶ ಪರೋಪಜೀವಿಯಿಂದ ಬರುವ ಈ ರೋಗದ ತತ್ತಿಗಳು ಹಿಕ್ಕೆಯ ಜೊತೆ ಹೊರಗೆ ಬೀಳುತ್ತವೆ. ಹಾಸು ಬೆಚ್ಚಗೂ ಒದ್ದೆಯಾಗಿಯೂ ಇದ್ದರೆ ಒಂದೆರಡು ದಿನದಲ್ಲಿ ಸೋಂಕು ಹರಡುವಷ್ಟು ಬಲಿಯುತ್ತವೆ. ಕೋಳಿ ಕೆದಕಿ ತಿನ್ನುತ್ತದೆ, ಒಂದು ವಾರದೊಳಗೆ ಸುತ್ತು ಪೂರ್ತಿಯಾಗಿ ಮತ್ತಷ್ಟು ತತ್ತಿಗಳು ಹೊರಬರುತ್ತವೆ. ಒಣ ಹಾಸಿನಲ್ಲಿ ಈ ಸರಪಳಿ ತುಂಡಾಗುತ್ತದೆ. ಜೊತೆಗೆ ಒದ್ದೆ ಹಾಸಿನಿಂದ ಏಳುವ ಅಮೋನಿಯಾ ಘಾಟು ಕೋಳಿಯ ಕಣ್ಣು, ಶ್ವಾಸನಾಳ ಎರಡನ್ನೂ ಹಾಳುಮಾಡುತ್ತದೆ. ಶೆಡ್ಡಿಗೆ ಕಾಲಿಟ್ಟಾಗ ನಮ್ಮ ಕಣ್ಣು ಉರಿದರೆ, ನೆಲಕ್ಕೆ ಹತ್ತಿರ ಉಸಿರಾಡುವ ಕೋಳಿಯ ಪಾಡನ್ನು ಊಹಿಸಿಕೊಳ್ಳಬಹುದು. ಎರಚಲು ಬರುತ್ತದೆ ಎಂದು ಟಾರ್ಪಾಲನ್ನು ನೆಲದಿಂದ ಮಾಡಿನವರೆಗೆ ಬಿಗಿದು ಕಟ್ಟುವವರು ಈ ಘಾಟನ್ನು ಒಳಗೇ ಕೂಡಿಹಾಕುತ್ತಾರೆ. ನಾನು ಪರದೆಯನ್ನು ಕೆಳಗಿನಿಂದ ಕಟ್ಟಿ ಮೇಲೆ ಒಂದು ಅಡಿ ಸದಾ ತೆರೆದಿಡುತ್ತೇನೆ. ಮಾಡಿನ ಇಳಿಜಾರನ್ನು ಎರಚಲು ತಟ್ಟದಷ್ಟು ಮುಂದೆ ಚಾಚಿದ್ದೇನೆ.

ಇನ್ನು ಪ್ರಯೋಗದ ವಿಷಯ. ಒಂದು ಬ್ಯಾಚಿಗೆ ಅರಿಶಿನ ಹಾಕಿ, ಹಿಂದಿನ ಬ್ಯಾಚಿಗಿಂತ ಚೆನ್ನಾಗಿ ಬಂತು ಎನ್ನುವುದರಲ್ಲಿ ಅರ್ಥವಿಲ್ಲ. ಮರಿ ಬೇರೆ, ಹವೆ ಬೇರೆ, ಆಹಾರದ ಲಾಟು ಬೇರೆ. ಆದ್ದರಿಂದ ಶೆಡ್ಡಿನ ನಡುವೆ ತಂತಿ ಬಲೆ ಕಟ್ಟಿ ಎರಡು ಭಾಗ ಮಾಡಿದೆ. ಒಂದೇ ದಿನ ಬಂದ ಮರಿಗಳನ್ನು ಪೆಟ್ಟಿಗೆ ಆರಿಸದೆ ಎರಡೂ ಕಡೆ ಸಮನಾಗಿ ಬಿಟ್ಟೆ. ಮರಿಗಳಿಗೆ ಶಾಖ ಕೊಡುವ ಬ್ರೂಡರ್ ಕೆಳಗೆ ಮೊದಲ ವಾರ ಸುಮಾರು 33 ಡಿಗ್ರಿ, ಆಮೇಲೆ ವಾರವಾರವೂ ಮೂರು ಡಿಗ್ರಿಯಷ್ಟು ಇಳಿಕೆ. ಇದರಲ್ಲಿ ಎರಡೂ ಕಡೆ ವ್ಯತ್ಯಾಸವಿಲ್ಲ. ರಾಣಿಖೇತ್ ಮತ್ತು ಗಂಬೋರೋ ಲಸಿಕೆಗಳೂ ಒಂದೇ ದಿನ. ಆಹಾರ ಒಂದೇ ಚೀಲದ್ದು. ಎಷ್ಟು ಚೀಲ ಯಾವ ಕಡೆಗೆ ಹೋಯಿತು ಎಂಬುದನ್ನು ಬಾಗಿಲ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದೆ, ರಾತ್ರಿ ನನ್ನ ಹೆಂಡತಿ ಅದನ್ನು ಪುಸ್ತಕಕ್ಕೆ ಇಳಿಸುತ್ತಿದ್ದಳು. ಸತ್ತ ಕೋಳಿಯ ಲೆಕ್ಕವೂ ಅದರಲ್ಲೇ.

ನಮ್ಮಲ್ಲಿ ಗಾಳಿ ಮಳೆ ನೈಋತ್ಯದಿಂದ ಬಡಿಯುತ್ತದೆ. ಶೆಡ್ಡಿನ ಪಡುವಣ ತುದಿ ಯಾವಾಗಲೂ ಹೆಚ್ಚು ತೇವ. ಅರಿಶಿನದ ಭಾಗವನ್ನು ಪ್ರತಿ ಸಲವೂ ಮೂಡಣ ತುದಿಯಲ್ಲೇ ಇಟ್ಟರೆ, ಗೆದ್ದದ್ದು ಅರಿಶಿನವೋ ಒಣ ಜಾಗವೋ ತಿಳಿಯುವುದಿಲ್ಲ. ಅದಕ್ಕಾಗಿ ಬ್ಯಾಚಿನಿಂದ ಬ್ಯಾಚಿಗೆ ಜಾಗ ಅದಲುಬದಲು ಮಾಡಿದೆ. ನೀವು ಮನೆಯಲ್ಲೇ ಪ್ರಯೋಗ ಮಾಡುವುದಾದರೆ ಇದೊಂದನ್ನು ಮರೆಯಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಆಹಾರ ಹಾಕುವ ಮೊದಲು, ಪ್ರತಿ ಭಾಗದ ಮೂಲೆಮೂಲೆಯಿಂದಲೂ ಐವತ್ತರಷ್ಟು ಕೋಳಿಗಳನ್ನು ಹಿಡಿದು ತೂಗುತ್ತಿದ್ದೆ. ಕೈಗೆ ಸುಲಭವಾಗಿ ಸಿಗುವ ಕೋಳಿಯನ್ನೇ ಹಿಡಿದರೆ ಸೊರಗಿದವೇ ಹೆಚ್ಚು ಬರುತ್ತವೆ. ತಡಿಕೆ ಅಡ್ಡ ಹಿಡಿದು ಒಂದು ಗುಂಪನ್ನು ಸುತ್ತುಗಟ್ಟಿ, ಅದರೊಳಗಿನ ಎಲ್ಲವನ್ನೂ ತೂಗಬೇಕು.

ಅರಿಶಿನ ಯಾವುದು ಎಂಬುದು ಬಹಳ ಮುಖ್ಯ. ಬಜಾರಿನ ಬಿಡಿ ಪುಡಿಯನ್ನು ನಾನು ಬಳಸುವುದಿಲ್ಲ. ಬಣ್ಣ ಏರಿಸಲು ಮೆಟಾನಿಲ್ ಯೆಲ್ಲೋ, ಸೀಸದ ಅಂಶವಿರುವ ಲೆಡ್ ಕ್ರೋಮೇಟ್ ಬೆರೆಸುವ ಕೆಟ್ಟ ಚಾಳಿ ಈ ವ್ಯಾಪಾರದಲ್ಲಿದೆ. ಕೋಳಿಗೆ ಹಾಕಿದ ಸೀಸ ಕೊನೆಗೆ ನಮ್ಮ ಹೊಟ್ಟೆಗೇ ಬರುತ್ತದೆ. ಹಿತ್ತಿಲಿನ ಕೊಂಬನ್ನು ಶಿವರಾತ್ರಿಯ ಹೊತ್ತಿಗೆ ಕಿತ್ತು, ಮೆತ್ತಗಾಗುವವರೆಗೆ ಬೇಯಿಸಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ವಾರ ಒಣಹಾಕುತ್ತೇವೆ. ಚೆನ್ನಾಗಿ ಒಣಗಿದ ಕೊಂಬು ಮುರಿದರೆ ಟಣ್ ಎಂದು ಲೋಹದಂಥ ಸದ್ದು ಬರುತ್ತದೆ. ಬಾಗಿ ಮುರಿದರೆ ಇನ್ನೂ ಬಿಸಿಲು ಬೇಕು ಎಂದರ್ಥ. ಸಾಲದಿದ್ದರೆ ಕೊಂಬನ್ನೇ ಕೊಂಡು ಬೀಸಿಸುತ್ತೇನೆ. ಪುಡಿಯನ್ನು ಬೆಳಕು ಬೀಳದಂತೆ ಮುಚ್ಚಿದ ಡಬ್ಬಿಯಲ್ಲಿಡಬೇಕು, ಅದರ ಸಾರವಾದ ಕರ್ಕ್ಯುಮಿನ್ ಬೆಳಕಿಗೆ ಕೆಡುತ್ತದೆ. ಮಳೆಗಾಲಕ್ಕೆ ಬೇಕಾದದ್ದನ್ನು ಒಟ್ಟಿಗೇ ಬೀಸಿಸದೆ ಬ್ಯಾಚಿಗೆ ಬೇಕಾದಷ್ಟೇ ಬೀಸಿಸುತ್ತೇನೆ.

ಪ್ರಮಾಣ: ಕೆಜಿ ಆಹಾರಕ್ಕೆ 5 ಗ್ರಾಂ, ಅಂದರೆ 50 ಕೆಜಿ ಚೀಲಕ್ಕೆ ಕಾಲು ಕೆಜಿ. ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸಿರುವುದು 5ರಿಂದ 10 ಗ್ರಾಂ. 10 ಗ್ರಾಂ ಹಾಕಿದಾಗ ಫೀಡರಿನಲ್ಲಿ ಆಹಾರ ಉಳಿಯತೊಡಗಿದ್ದನ್ನು ನೋಡಿ ನಾನು 5ಕ್ಕೇ ನಿಂತೆ. ಎಳೆ ಮರಿಗೆ ಹಾಕುವುದಿಲ್ಲ, ಎರಡನೆಯ ವಾರದಿಂದ ಶುರು. ಕಾಲು ಕೆಜಿ ಪುಡಿಯನ್ನು ಒಮ್ಮೆಗೇ ಚೀಲಕ್ಕೆ ಸುರಿದರೆ ಬೆರೆಯುವುದಿಲ್ಲ. ಮೊದಲು ಎರಡು ಕೆಜಿ ಆಹಾರದ ಜೊತೆ ಕಲಸಿ, ಅದನ್ನು ಹತ್ತು ಕೆಜಿಗೆ, ಅದನ್ನು ಇಡೀ ಚೀಲಕ್ಕೆ ಸಲಿಕೆಯಿಂದ ಮಗುಚುತ್ತೇನೆ. ಪೆಲೆಟ್ ಆಹಾರವಾದರೆ ಇನ್ನೊಂದು ತೊಡಕು ಇದೆ. ಕಾಳಿನಂತಿರುವ ಪೆಲೆಟ್ ಮೇಲೆ ನಿಲ್ಲುತ್ತದೆ, ಪುಡಿ ಜಾರಿ ತಳ ಸೇರುತ್ತದೆ, ಕೋಳಿ ಮೇಲಿನದನ್ನು ಹೆಕ್ಕಿ ತಿಂದು ಪುಡಿಯನ್ನು ಬಿಡುತ್ತದೆ. ಸ್ವಲ್ಪ ಸೋಯಾ ಎಣ್ಣೆಯಲ್ಲಿ ಪುಡಿಯನ್ನು ಕದಡಿ ಪೆಲೆಟ್‌ಗೆ ಸವರಿದರೆ ಅಂಟಿ ನಿಲ್ಲುತ್ತದೆ. ಇದು ಕೈಕೆಲಸ ಹೆಚ್ಚು ಬೇಡುವ ದಾರಿ, ಸಣ್ಣ ಶೆಡ್ಡಿಗೆ ಮಾತ್ರ ಸಾಧ್ಯ.

ಕುಡಿಯುವ ನೀರಿಗೆ ಅರಿಶಿನ ಹಾಕುವವರನ್ನು ಬಹಳ ಕಡೆ ಕಂಡಿದ್ದೇನೆ. ದಯವಿಟ್ಟು ಬೇಡ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ನೀರು ಹಳದಿಯಾಗಿ ಕಾಣುತ್ತದೆ ಅಷ್ಟೇ. ಪುಡಿ ಟ್ಯಾಂಕಿನ ತಳದಲ್ಲಿ ಕೂತು, ಪೈಪಿನೊಳಗೆ ಕೆಸರಾಗಿ, ಕೋಳಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ನಿಪ್ಪಲ್ಲುಗಳನ್ನು ಕಟ್ಟಿಹಾಕುತ್ತದೆ. ಕೆಲವು ನಿಪ್ಪಲ್ ಮುಚ್ಚದೆ ಸದಾ ತೊಟ್ಟಿಕ್ಕತೊಡಗಿ ಕೆಳಗಿನ ಹಾಸನ್ನು ತೋಯಿಸುತ್ತವೆ. ಯಾವ ತೇವಕ್ಕೆ ಹೆದರಿ ಅರಿಶಿನ ಹಾಕಿದರೋ ಅದೇ ತೇವವನ್ನು ಕೈಯಾರೆ ತಂದುಕೊಂಡಂತಾಗುತ್ತದೆ.

ಇಷ್ಟೆಲ್ಲ ಮಾಡಿ ನಾನು ಕಂಡದ್ದು ಏನು? ಜೀವತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಎರಡೂ ಕಡೆಯ ಕೋಳಿ ಮಾರುವ ಹೊತ್ತಿಗೆ ಎರಡು ಕೆಜಿಯ ಆಸುಪಾಸಿನಲ್ಲೇ ಇದ್ದವು, ಒಮ್ಮೆ ಈ ಕಡೆ ಕೊಂಚ ಮೇಲು, ಒಮ್ಮೆ ಆ ಕಡೆ. ವ್ಯತ್ಯಾಸ ಕಂಡದ್ದು ಆಹಾರದ ಲೆಕ್ಕದಲ್ಲಿ. ಅರಿಶಿನದ ಕಡೆ ಅದೇ ತೂಕಕ್ಕೆ ಸ್ವಲ್ಪ ಕಡಿಮೆ ಆಹಾರ ಹೋಗಿತ್ತು. ಹಿಕ್ಕೆ ಗಟ್ಟಿಯಾಗಿತ್ತು. ಹೊಟ್ಟು ಹಿಂಡುವ ಪರೀಕ್ಷೆಯಲ್ಲಿ ಆ ಭಾಗದಲ್ಲಿ ಉಂಡೆ ಕಟ್ಟುವ ಜಾಗಗಳು ಕಡಿಮೆ. ಅಂಗಾಲಿನ ಕಪ್ಪು ಹುಣ್ಣು ಕೂಡ ಕಡಿಮೆ. ನಾಲ್ಕು–ಐದನೆಯ ವಾರದಲ್ಲಿ ಸಾಮಾನ್ಯವಾಗಿ ಏರುವ ಸಾವು ಆ ಕಡೆ ಅಷ್ಟಾಗಿ ಏರಲಿಲ್ಲ. ಜಾಗ ಅದಲುಬದಲು ಮಾಡಿ ಅರಿಶಿನದ ಭಾಗವನ್ನು ಪಡುವಣ ತುದಿಗೆ ತಂದಾಗ ಈ ಅಂತರ ಕುಗ್ಗಿತು, ಆದರೆ ಅಳಿಯಲಿಲ್ಲ. ಮಳೆ ಬಿಟ್ಟ ಮೇಲೆ, ದೀಪಾವಳಿಯ ನಂತರದ ಒಣ ದಿನಗಳ ಬ್ಯಾಚಿನಲ್ಲಿ ಎರಡೂ ಕಡೆಗೆ ಯಾವ ಭೇದವೂ ಇರಲಿಲ್ಲ. ಆದ್ದರಿಂದ ವರ್ಷವಿಡೀ ಅರಿಶಿನ ಹಾಕುವುದನ್ನು ನಾನು ಮಾಡುವುದಿಲ್ಲ. ಕಾಲಿನ, ಚರ್ಮದ ಹಳದಿ ಬಣ್ಣ ಹೆಚ್ಚುತ್ತದೆ ಎನ್ನುವವರಿದ್ದಾರೆ, ನನಗೆ ಕಾಣಲಿಲ್ಲ. ಆ ಬಣ್ಣ ಕೊಡುವುದು ಮುಖ್ಯವಾಗಿ ಮೆಕ್ಕೆಜೋಳದಲ್ಲಿರುವ ಕ್ಸಾಂಥೋಫಿಲ್ ಎಂಬ ಹಳದಿ ಬಣ್ಣದ ಅಂಶ.

ಕರುಳಿನಲ್ಲೇ ಇದರ ಕೆಲಸ ಏಕೆ ಎಂದು ಯೋಚಿಸಿದಾಗ ಕಾಳುಮೆಣಸಿನ ವಿಷಯ ಎದುರಾಯಿತು. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ ಕೇವಲ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಹೆಚ್ಚಿತು, ಇಲಿಗಳಲ್ಲಿ ಶೇ. 154ರಷ್ಟು ಮಾತ್ರ. ಮೆಣಸಿನ ಬಳ್ಳಿ ನಮ್ಮ ಅಡಿಕೆ ಮರಗಳ ಮೇಲೇ ಇದೆ, ಮಾರಾಟಕ್ಕೆ ಬಾರದ ಜೊಳ್ಳು ಕಾಳು ಪ್ರತಿ ವರ್ಷ ಉಳಿಯುತ್ತದೆ. ಅದನ್ನು ಪುಡಿಮಾಡಿ ಚೀಲಕ್ಕೆ 25 ಗ್ರಾಂನಂತೆ ಬೆರೆಸಿಯೂ ನೋಡಿದೆ. ಮೆಣಸಿಲ್ಲದ ಅರಿಶಿನಕ್ಕಿಂತ ಹೆಚ್ಚಿನ ಫಲ ನನಗೆ ಕಾಣಲಿಲ್ಲ. ನನಗೆ ಬೇಕಾದದ್ದು ಅರಿಶಿನ ಕರುಳಿನಲ್ಲಿ ಉಳಿದು ಮಾಡುವ ಕೆಲಸ. ರಕ್ತಕ್ಕೆ ಸೇರದೆ ಉಳಿಯುವುದು ಇಲ್ಲಿ ಕೊರತೆಯಲ್ಲ, ಅನುಕೂಲ ಎಂದೇ ನನ್ನ ಅಭಿಪ್ರಾಯ. ಅಲ್ಲದೆ ಪೈಪರಿನ್ ಬೇರೆ ಔಷಧಿಗಳೂ ದೇಹದಲ್ಲಿ ಹೆಚ್ಚು ಉಳಿಯುವಂತೆ ಮಾಡಬಲ್ಲದು. ಕೋಳಿಗೆ ಚಿಕಿತ್ಸೆ ನಡೆಯುತ್ತಿರುವಾಗ ಅದು ಬೇಡದ ಅಪಾಯ. ಮೆಣಸನ್ನು ಬಿಟ್ಟುಬಿಟ್ಟೆ.

ಬೂಷ್ಟು ಹಿಡಿದ ಆಹಾರಕ್ಕೆ ಅರಿಶಿನ ಮದ್ದು ಎಂಬ ನಂಬಿಕೆಯೂ ಇದೆ. ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷದಿಂದ ಯಕೃತ್ತಿಗೆ ಆಗುವ ಹಾನಿಯನ್ನು ಅರಿಶಿನ ಸ್ವಲ್ಪಮಟ್ಟಿಗೆ ತಗ್ಗಿಸಿದ್ದನ್ನು ಬ್ರಾಯ್ಲರ್ ಕೋಳಿಗಳ ಮೇಲಿನ ಸಂಶೋಧನೆಗಳು ತೋರಿಸಿರುವುದು ನಿಜ. ಆದರೆ ತಗ್ಗಿಸುವುದು ಬೇರೆ, ತಪ್ಪಿಸುವುದು ಬೇರೆ. ಶಿಕಾರಿಪುರ, ಸೊರಬ ಕಡೆಯ ಮೆಕ್ಕೆಜೋಳ ಕೊಯ್ಲಿನ ಹೊತ್ತಿಗೆ ಹಿಂಗಾರು ಸುರಿದರೆ ಕಾಳು ಸರಿಯಾಗಿ ಒಣಗುವುದಿಲ್ಲ. ಶೇ. 14ಕ್ಕಿಂತ ಹೆಚ್ಚು ತೇವವಿರುವ ಜೋಳವನ್ನು ನಾನು ಕೊಳ್ಳುವುದಿಲ್ಲ. ಚೀಲಗಳನ್ನು ಗೋಡೆಯಿಂದ ದೂರ, ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲೆ ಇಡುತ್ತೇನೆ, ಮಳೆಗಾಲದಲ್ಲಿ ಎರಡು ವಾರಕ್ಕಿಂತ ಹೆಚ್ಚಿನ ದಾಸ್ತಾನು ಮಾಡುವುದಿಲ್ಲ. ಸತ್ತ ಕೋಳಿಯನ್ನು ಕೊಯ್ದು ನೋಡಿದಾಗ ಯಕೃತ್ತು ಬಿಳಿಚಿ ಹಳದಿಯಾಗಿ ಊದಿಕೊಂಡಿದ್ದರೆ ಮೊದಲು ಅನುಮಾನಿಸುವುದು ಆಹಾರವನ್ನೇ.

ಖರ್ಚಿನ ಲೆಕ್ಕ ಹೀಗಿದೆ. ಒಂದು ಕೋಳಿ ಎರಡು ಕೆಜಿ ತೂಗುವಷ್ಟರಲ್ಲಿ 3.4 ಕೆಜಿ ಆಹಾರ ತಿನ್ನುತ್ತದೆ ಎಂದು ಹಿಡಿಯಿರಿ, ಅಂದರೆ ಒಂದು ಕೆಜಿ ತೂಕಕ್ಕೆ ಎಷ್ಟು ಕೆಜಿ ಆಹಾರ ಎಂಬ ಲೆಕ್ಕವಾದ ಎಫ್‌ಸಿಆರ್ 1.7. ಅದಕ್ಕೆ ಬೇಕಾಗುವ ಅರಿಶಿನ ಸುಮಾರು 17 ಗ್ರಾಂ. ಪುಡಿಯ ಬೆಲೆ ಕೆಜಿಗೆ 150 ರೂಪಾಯಿ ಎಂದಿಟ್ಟುಕೊಂಡರೆ ಕೋಳಿಯೊಂದಕ್ಕೆ ಎರಡೂವರೆ ರೂಪಾಯಿ. ಆಹಾರ ಕೆಜಿಗೆ 40 ರೂಪಾಯಿ ಎಂದಾದರೆ, ಹಾಕಿದ ದುಡ್ಡು ಹುಟ್ಟಲು ಪ್ರತಿ ಕೋಳಿಯೂ 60 ಗ್ರಾಂನಷ್ಟು ಆಹಾರ ಉಳಿಸಿಕೊಡಬೇಕು. ಎಫ್‌ಸಿಆರ್ 1.70ರಿಂದ 1.67ಕ್ಕೆ ಇಳಿದರೆ ಅಲ್ಲಿಗೆ ಸರಿಸಮ. ಮಳೆಗಾಲದಲ್ಲಿ ನನಗೆ ಇದು ದಕ್ಕುತ್ತದೆ, ಸಾವು ಕಡಿಮೆಯಾಗುವುದು ಅದರ ಮೇಲಿನ ಲಾಭ. ಆದರೆ ಫೀಡರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿಂತ ತಗ್ಗಿದ್ದರೆ ಕೆದಕಿ ಚೆಲ್ಲುವ ಆಹಾರವೇ ಇದಕ್ಕಿಂತ ಹೆಚ್ಚಾದೀತು. ವಾರಕ್ಕೆರಡು ಸಲ ಫೀಡರ್ ಎತ್ತರ ಏರಿಸುವುದಕ್ಕೆ ಯಾವ ಖರ್ಚೂ ಇಲ್ಲ. ಅದನ್ನು ಮಾಡದೆ ಅರಿಶಿನಕ್ಕೆ ದುಡ್ಡು ಹಾಕುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಿಕ್ಕೆಯಲ್ಲಿ ರಕ್ತ ಕಂಡರೆ ಅರಿಶಿನವನ್ನು ನೆಚ್ಚಿಕೊಂಡು ಕೂರಬಾರದು. 1998ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಹಾರದಲ್ಲಿ ಶೇ. 1ರಷ್ಟು ಅರಿಶಿನ ಕೊಟ್ಟಾಗ ಕರುಳಿನ ನಡುಭಾಗಕ್ಕೆ ಹತ್ತುವ ಐಮೀರಿಯಾ ಮ್ಯಾಕ್ಸಿಮಾ ತಗ್ಗಿತು. ಕುರುಡು ಕರುಳಿಗೆ ಹತ್ತಿ ರಕ್ತ ಹರಿಸುವ ಐಮೀರಿಯಾ ಟೆನೆಲ್ಲಾ ಮೇಲೆ ಅದು ನಾಟಲಿಲ್ಲ. ನಮ್ಮ ಶೆಡ್ಡುಗಳಲ್ಲಿ ಒಂದೇ ರಾತ್ರಿಯಲ್ಲಿ ಹತ್ತಾರು ಕೋಳಿ ಕೆಡವುವುದು ಇದೇ ಎರಡನೆಯದು. ರಕ್ತ ಕಂಡ ದಿನವೇ ಪಶುವೈದ್ಯರನ್ನು ಕರೆಯಿರಿ. ಅವರು ಆಂಪ್ರೋಲಿಯಂ ಅಥವಾ ಬೇರೆ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಬರೆದುಕೊಡುತ್ತಾರೆ, ಮಾರಾಟಕ್ಕೆ ಮೊದಲು ಎಷ್ಟು ದಿನ ಔಷಧಿ ನಿಲ್ಲಿಸಬೇಕು ಎಂಬುದನ್ನೂ ಹೇಳುತ್ತಾರೆ. ಕಾರಣ ತಿಳಿಯದೆ ಕೋಳಿ ಸಾಯತೊಡಗಿದರೆ ಆಗಷ್ಟೇ ಸತ್ತ ಎರಡು ಮೂರು ಕೋಳಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಒಯ್ಯಬಹುದು. ಕೊಯ್ದು ನೋಡಿದರೆ ಅರ್ಧ ಗಂಟೆಯಲ್ಲಿ ತಿಳಿಯುವುದನ್ನು ನಾವು ಊಹೆಯಿಂದ ವಾರಗಟ್ಟಲೆ ಹುಡುಕುತ್ತಿರುತ್ತೇವೆ.

ಶ್ರಾವಣದಲ್ಲಿ ಕೋಳಿಯ ಬೆಲೆ ಇಳಿಯುತ್ತದೆ, ಮಾರಾಟ ಒಂದು ವಾರ ಮುಂದೆ ಹೋಗುವುದೂ ಉಂಟು. ಆಗ ತೂಕ ಏರಿದ ಕೋಳಿಗಳು ಇಕ್ಕಟ್ಟಾಗಿ, ಹಾಸು ಬೇಗ ಒದ್ದೆಯಾಗುತ್ತದೆ. ಅರಿಶಿನ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಈ ಹೆಚ್ಚುವರಿ ದಿನಗಳಲ್ಲೇ. ಈಗ ಪುನರ್ವಸು ಮಳೆಯ ಹೊತ್ತಿಗೆ ಮರಿ ಬಿಡುವಾಗಲೇ ಜಾಗಕ್ಕೆ ಮೀರಿ ಬಿಡದೆ, ಒಂದು ಕೋಳಿಗೆ ಒಂದೂಕಾಲು ಚದರ ಅಡಿಯಂತೆ ಲೆಕ್ಕ ಹಾಕುತ್ತೇನೆ. ನಡುವಿನ ತಂತಿ ಬಲೆಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಈ ಸಲ ಒಂದು ಕಡೆ 5 ಗ್ರಾಂ, ಇನ್ನೊಂದು ಕಡೆ 3 ಗ್ರಾಂ ಹಾಕಿ ತೂಗುತ್ತಿದ್ದೇನೆ. 3 ಗ್ರಾಂನಲ್ಲೇ ಅದೇ ಫಲ ಬಂದರೆ ಪುಡಿಯ ಖರ್ಚು ಶೇ. 40ರಷ್ಟು ಇಳಿಯುತ್ತದೆ.